ಷೋಕೇಸಿನ ಕೊಳಗ



ನಮ್ಮೂರಿಗೆ ಹೋಗಬೇಕೆಂದರೆ ಮೊದಲು ನೀರು ಇಳಿಯಬೇಕು. ಊರಿರುವುದು ಶರಾವತಿ ಹಿನ್ನೀರಿನ ತಳದಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಹಳ್ಳಿಗಳ ಜೊತೆ ಅದೂ ಮುಳುಗಿತು. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಗೆ ನೀರು ತೀರಾ ತಳ ಕಂಡರೆ, 1940ರ ದಶಕದಲ್ಲಿ ಕಟ್ಟಿದ ಮಡೆನೂರು ಅಣೆಕಟ್ಟೇ ಮೇಲೆದ್ದು ಕಾಣುತ್ತದೆ. ಹಳೇ ಅಣೆಕಟ್ಟನ್ನು ಹೊಸ ಅಣೆಕಟ್ಟು ನುಂಗಿದ ಜಾಗ ಅದು. ಅಂಥ ವರ್ಷ ಮಾತ್ರ ನಮ್ಮೂರಿನ ನೆಲ ಒಣಗುತ್ತದೆ. ಊರಿನ ಹೆಸರು ಹೇಳಿಯೂ ಪ್ರಯೋಜನವಿಲ್ಲ, ಅಲ್ಲಿಗೆ ಬಸ್ಸಿಲ್ಲ.

ಅಪ್ಪ ಹುಟ್ಟಿದ್ದು ಅಲ್ಲಿ. ಹನ್ನೆರಡನೆಯ ವಯಸ್ಸಿಗೆ ಹೊರಟು ಬಂದವರು ಮತ್ತೆ ಆ ಕಡೆ ತಲೆಹಾಕಲಿಲ್ಲ. ಆದರೆ ಊರಿನ ಸುದ್ದಿ ಮಾತ್ರ ದಿನಾ ಊಟಕ್ಕೆ ಕೂತಾಗ ತಪ್ಪದೆ ಬರುತ್ತಿತ್ತು. ತೋಟ, ಅಂಗಳದ ತುಂಬ ಹರಡಿದ ಅಡಿಕೆ, ಆಳೆತ್ತರದ ಜಗಲಿ, ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತ ಹೊತ್ತು ಸಾಲಾಗಿ ಬರುವ ಜನ. ಆ ವೈಭವಕ್ಕೆ ಸಾಕ್ಷಿಯಾಗಿ ಬೆಂಗಳೂರಿನ ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಕೊಳಗ ಇದೆ. ಮರದ್ದು, ಬಾಯಿಗೆ ಹಿತ್ತಾಳೆ ಪಟ್ಟಿ ಕಟ್ಟಿದ್ದು. ಹಬ್ಬಕ್ಕೆ ಅರಿಶಿನ ಕುಂಕುಮ ಹಚ್ಚುತ್ತೇವೆ. ಬಂದ ನೆಂಟರು ‘ಆಂಟಿಕ್ ಪೀಸ್’ ಎಂದು ಬೆರಳಿನಿಂದ ತಟ್ಟಿ ನೋಡಿ ಮೆಚ್ಚುತ್ತಾರೆ.

ಅಪ್ಪ ಹೋದಮೇಲೆ, ನೀರು ತಳ ಕಂಡ ಅಂಥದೊಂದು ಬೇಸಿಗೆಯಲ್ಲಿ ಊರು ನೋಡಲು ಹೊರಟೆ. ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿ ಓದಿದ್ದೆ, ಅದರ ಸಿನಿಮಾ ನೋಡಿ ಕಣ್ಣೀರು ಹಾಕಿದ್ದೆ. ಹಾಗಾಗಿ ಮುಳುಗಡೆಯ ಸಂಕಟವೆಲ್ಲ ನನಗೆ ಗೊತ್ತೆಂಬ ಒಂದು ಧೈರ್ಯ. ಹಿನ್ನೀರಿನ ದಡದ ಹಳ್ಳಿಯಿಂದ ಎಪ್ಪತ್ತು ದಾಟಿದ ಅಜ್ಜ ಒಬ್ಬರು ದಾರಿ ತೋರಿಸಲು ಬಂದರು. ತಲೆಗೆ ಟವೆಲು ಸುತ್ತಿ, ಕೈಯಲ್ಲೊಂದು ಕೋಲು ಹಿಡಿದು ನನಗಿಂತ ಚುರುಕಾಗಿ ನಡೆದರು. ಕೆಸರು ಒಣಗಿ ಹಪ್ಪಳದ ಹಾಗೆ ಎದ್ದಿತ್ತು, ಕಾಲಿಟ್ಟಲ್ಲೆಲ್ಲ ಪಟಪಟ ಸದ್ದು. ಕಣ್ಣು ಹಾಯುವಷ್ಟು ದೂರ ಕರಿ ಬೊಡ್ಡೆಗಳು. ಅರವತ್ತು ವರ್ಷ ನೀರಲ್ಲಿ ನಿಂತ ಮರಗಳು.

‘ಇದೇ ನೋಡಿ ನಿಮ್ಮ ಮನೆ.’

ಮೂರು ಕಲ್ಲಿನ ಮೆಟ್ಟಿಲು. ಜಂಬಿಟ್ಟಿಗೆ ಕಲ್ಲಿನ ಪಂಚಾಂಗ. ಮಣ್ಣಲ್ಲಿ ಅರ್ಧ ಹೂತ ಒರಳು. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತೆ. ಕಲ್ಲು ಬಿಸಿಲಿಗೆ ಕಾದು ಸುಡುತ್ತಿತ್ತು. ಅಪ್ಪನ ಆಳೆತ್ತರದ ಜಗಲಿ ನನ್ನ ಮೊಣಕಾಲಿಗೆ ಬರುತ್ತಿತ್ತು. ಹುಡುಗನ ಆಳೆತ್ತರ ಅದು ಎಂದು ಆಮೇಲೆ ಹೊಳೆಯಿತು. ಫೋಟೋ ತೆಗೆದೆ, ಮೆಟ್ಟಿಲಿನದು, ಒರಳಿನದು, ಮೆಟ್ಟಿಲ ಮೇಲೆ ಕೂತ ನನ್ನದು. ಎಲ್ಲ ಆದಮೇಲೆ, ಬರೀ ಸೌಜನ್ಯಕ್ಕೆ ಕೇಳಿದೆ: ‘ಅಜ್ಜ, ನಿಮ್ಮ ಮನೆ ಎಲ್ಲಿತ್ತು?’

ಅವರು ನಮ್ಮ ಮೆಟ್ಟಿಲಿಗೆ ಬೆನ್ನು ಕೊಟ್ಟು ನಿಂತರು. ಬಾಯಲ್ಲೇ ಎಣಿಸುತ್ತ ನಡೆದರು. ನಲವತ್ತು ಹೆಜ್ಜೆಗೆ ನಿಂತು, ‘ಇಲ್ಲೇ’ ಎಂದರು. ಅಲ್ಲಿ ಏನೂ ಇರಲಿಲ್ಲ. ಮಣ್ಣಿನ ಗೋಡೆ, ಸೋಗೆಯ ಮಾಡು, ನೀರು ಬಂದ ಮೊದಲ ಮಳೆಗಾಲಕ್ಕೇ ಕರಗಿ ಹೋಗಿತ್ತು. ಅವರು ಕೋಲಿನಿಂದ ನೆಲದ ಮೇಲೆ ಒಂದು ಚೌಕ ಗೀಚಿದರು. ಇಲ್ಲಿ ಒಲೆ. ಇಲ್ಲಿ ದನ. ಇಲ್ಲಿ ಅವ್ವ ಮಲಗೋದು. ಅವರ ಮನೆಯ ವಿಳಾಸ ಉಳಿದದ್ದು ನಮ್ಮ ಮನೆಯ ಕಲ್ಲಿನ ಲೆಕ್ಕದಲ್ಲಿ. ಅವರಪ್ಪ ನಮ್ಮಜ್ಜನ ಗದ್ದೆ ಗೇಣಿಗೆ ಮಾಡುತ್ತಿದ್ದರಂತೆ. ಬೆಳಗಿನಿಂದ ಜೊತೆಗೆ ನಡೆದಿದ್ದೆವು. ಅವರು ಅದನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ಸೀಮೆಯಲ್ಲಿ ಗೇಣಿಯೆಂದರೆ ಬರೀ ಗೇಣಿಯಲ್ಲ. 1951ರಲ್ಲಿ ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಎಚ್. ಗಣಪತಿಯಪ್ಪ ಮುಂದಾಳು, ಶಾಂತವೇರಿ ಗೋಪಾಲಗೌಡರು ಜೊತೆಗೆ, ರಾಮಮನೋಹರ ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ಜಗಳ ಹೊತ್ತಿಕೊಂಡದ್ದಕ್ಕೆ ಒಂದು ಕಾರಣ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು ಎಂಬುದು ರೈತರ ತಕರಾರು. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಅದಕ್ಕೂ ನಮ್ಮ ಷೋಕೇಸಿಗೂ ನೆಂಟಸ್ತಿಕೆ ಇರಬಹುದೆಂದು ಒಂದು ದಿನವೂ ಅನ್ನಿಸಿರಲಿಲ್ಲ ನೋಡಿ. ಓದು ಎಂಬುದು ಕೆಲವೊಮ್ಮೆ ಎಷ್ಟು ಅನುಕೂಲಸ್ಥರ ವ್ಯವಹಾರ!

ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರಲ್ಲಿ. ನೀರು ಹತ್ತು ವರ್ಷ ಮೊದಲೇ ಬಂದಿತ್ತು. ಆ ಗದ್ದೆ ಇನ್ನೂ ಹತ್ತು ವರ್ಷ ಮುಳುಗದೆ ಇದ್ದಿದ್ದರೆ ಅಜ್ಜನ ಅಪ್ಪನ ಹೆಸರಿಗೆ ಆಗುತ್ತಿತ್ತೇನೋ. ಪರಿಹಾರದ ಹಣ ನಮ್ಮಜ್ಜನ ಕೈಗೆ ಬಂತು, ಕಾಗದದಲ್ಲಿ ಹೆಸರು ಅವರದಿತ್ತು. ಅದರಲ್ಲಿ ಅಪ್ಪ ಓದಿದರು, ಬೆಂಗಳೂರಿನಲ್ಲಿ ಸೈಟು ಕೊಂಡರು. ಅಜ್ಜನ ಮನೆಯವರು ಪಾತ್ರೆಪಗಡೆ ಹೊತ್ತು ಗುಡ್ಡ ಹತ್ತಿ ಕಾಡಂಚಿನಲ್ಲಿ ಕೂತರು. ಆ ಜಾಗದ ಹಕ್ಕುಪತ್ರಕ್ಕೆ ಅವರ ಮಗ ಈಗಲೂ ಅರ್ಜಿ ಹಿಡಿದು ಓಡಾಡುತ್ತಿದ್ದಾನೆ. ಹಿನ್ನೀರಿನಾಚೆಯ ಎಷ್ಟೋ ಮನೆಗಳು ನಾಡಿಗೆ ಕರೆಂಟು ಕೊಟ್ಟು ದಶಕಗಟ್ಟಲೆ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಉಂಡವು. ನಾನೋ, ‘ನಾವು ಮುಳುಗಡೆಯವರು’ ಎಂದು ಸಭೆಗಳಲ್ಲಿ ದನಿ ಗದ್ಗದ ಮಾಡಿಕೊಂಡು ಹೇಳುತ್ತಾ ಬಂದವನು. ಸುಳ್ಳೇನಲ್ಲ. ಮುಳುಗಿದ್ದು ನಿಜ. ಆದರೆ ಒಂದೇ ನೀರಿನಲ್ಲಿ ಮುಳುಗಿದವರೆಲ್ಲ ಒಂದೇ ಆಳಕ್ಕೆ ಹೋಗಿರಲಿಲ್ಲ.

ವಾಪಸು ಬರುವಾಗ ಅಜ್ಜ ಒಂದು ಬೊಡ್ಡೆಯ ಮೇಲೆ ಕೂತು ಕವಳ ಬಿಚ್ಚಿದರು. ನನಗೂ ಒಂದೆಲೆ ಕೊಟ್ಟರು. ಸುಣ್ಣ ಹಚ್ಚುತ್ತ ಕೇಳಿದರು: ‘ಆ ಕೊಳಗ ಇನ್ನೂ ಐತಾ ನಿಮ್ಮನೇಲಿ?’

‘ಇದೆ ಅಜ್ಜ. ಪೂಜೆ ಮಾಡ್ತೀವಿ.’

‘ಒಳ್ಳೇದು.’ ಸ್ವಲ್ಪ ಹೊತ್ತು ಸುಮ್ಮನೆ ಅಗಿದರು. ‘ಮೂರು ಸೇರಿಂದು ಅಂತ ನಿಮ್ಮಜ್ಜಯ್ಯ ಹೇಳೋರು. ನಮ್ಮಪ್ಪ ಮನೇಲಿ ಅಳೆದು ಹೊತ್ಕೊಂಡು ಹೋದ ಭತ್ತ ನಿಮ್ಮ ಅಂಗಳದಾಗೆ ಯಾವಾಗಲೂ ಕಮ್ಮಿ ಬೀಳ್ತಿತ್ತು. ಅಪ್ಪಂಗೆ ಲೆಕ್ಕ ಬರಲ್ಲ ಅಂತ ನಾವು ಹುಡುಗರು ನಗಾಡ್ತಿದ್ವಿ.’

ಅದರಲ್ಲಿ ಸಿಟ್ಟಿರಲಿಲ್ಲ. ಅಪ್ಪನನ್ನು ನೆನೆದ ನಗು ಇತ್ತು. ಅಷ್ಟು ಹೇಳಿ ಎದ್ದು, ಕತ್ತಲಾಗುವುದರೊಳಗೆ ದಡ ಸೇರಬೇಕೆಂದು ಬಿರಬಿರನೆ ಹೊರಟರು.

ಬೆಂಗಳೂರಿಗೆ ಬಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಷೋಕೇಸಿನ ಬಾಗಿಲು ತೆರೆದೆ. ಕೊಳಗದ ಮೇಲಿನ ಕುಂಕುಮ ಒರೆಸಿದೆ. ಅಡುಗೆಮನೆಯಲ್ಲಿ ಅಮ್ಮನ ಕಾಲದ ಪಾವು ಇತ್ತು. ನಾಲ್ಕು ಪಾವಿಗೆ ಒಂದು ಸೇರು, ಮೂರು ಸೇರಿಗೆ ಹನ್ನೆರಡು. ಅಕ್ಕಿಯ ಡಬ್ಬ ಮುಂದಿಟ್ಟುಕೊಂಡು ನೆಲದ ಮೇಲೆ ಕೂತು ಒಂದೊಂದೇ ಎಣಿಸಿ ಸುರಿಯತೊಡಗಿದೆ. ಸದ್ದಿಗೆ ಹೆಂಡತಿ ಎದ್ದು ಬಂದು, ‘ಇಷ್ಟು ಹೊತ್ತಲ್ಲಿ ಏನು ಅಳೀತಿದೀರಿ?’ ಎಂದಳು.

ಹನ್ನೆರಡು ಮುಗಿಯಿತು. ಅಕ್ಕಿ ಹಿತ್ತಾಳೆ ಪಟ್ಟಿಯನ್ನು ಇನ್ನೂ ಮುಟ್ಟಿರಲಿಲ್ಲ. ಹದಿಮೂರನೆಯದಕ್ಕೆ ಪಾವನ್ನು ಡಬ್ಬಕ್ಕೆ ಇಳಿಸಿದೆ.