10 ದಿನ, 7 ಊರು: ನನ್ನ ವಿಯೆಟ್ನಾಂ ಲೆಕ್ಕ ತಪ್ಪಿದ್ದೆಲ್ಲಿ?

ಟೂರ್ ಪ್ಯಾಕೇಜ್ ಬೇಡ, ನಾನೇ ಪ್ಲಾನ್ ಮಾಡ್ತೀನಿ ಅಂತ ಅಮ್ಮನ ಹತ್ರ ಜಂಬ ಕೊಚ್ಚಿಕೊಂಡಿದ್ದೆ. ಅದು ಅಮ್ಮನ ಮೊದಲ ವಿದೇಶ ಪ್ರವಾಸ. ಖರ್ಚು ನನ್ನ 2 ವರ್ಷದ ಉಳಿತಾಯ. 10 ದಿನಕ್ಕೆ ವಿಯೆಟ್ನಾಂನ 6 ಊರು, ಜೊತೆಗೆ ಕಾಂಬೋಡಿಯಾದ ಅಂಕೋರ್ ವಾಟ್. ಶೀಟ್ ನೋಡಿ ಅಮ್ಮ ಕೇಳಿದ್ದು ಒಂದೇ: "ಇದ್ರಲ್ಲಿ ಬರೀ ಬಸ್ಸೇ ಇದೆಯಲ್ಲೋ, ಊರು ನೋಡೋದು ಯಾವಾಗ?"

ಕೂತು ಲೆಕ್ಕ ಹಾಕಿದೆ. ಮ್ಯಾಪಿನಲ್ಲಿ ಗೇಣುದ್ದ ಕಾಣೋ ಹನೋಯ್–ಹೋ ಚಿ ಮಿನ್ ಸಿಟಿ ರೈಲು ದಾರಿ 1,726 ಕಿಲೋಮೀಟರ್. 30 ಗಂಟೆಗೂ ಹೆಚ್ಚು ಪ್ರಯಾಣ!

ಇನ್ನೊಂದು ಎಡವಟ್ಟು: ಇ-ವೀಸಾ ಅರ್ಜಿಯಲ್ಲಿ ಸಿಂಗಲ್ ಎಂಟ್ರಿ ಟಿಕ್ ಮಾಡಿದ್ದೆ. ಕಾಂಬೋಡಿಯಾಕ್ಕೆ ಹೋದ್ರೆ ಆ ವೀಸಾ ಅಲ್ಲಿಗೆ ಮುಗೀತು, ವಾಪಸ್ ವಿಯೆಟ್ನಾಂಗೆ ಬರೋ ಹಾಗಿಲ್ಲ. ನಾನು ರಿಟರ್ನ್ ವಿಮಾನ ಹಾಕಿದ್ದು ಹನೋಯ್‌ನಿಂದ! ದುಡ್ಡು ಕಟ್ಟೋ ಮೊದಲೇ ಕಣ್ಣಿಗೆ ಬಿತ್ತು, ಬಚಾವಾದ್ವಿ.

ಕೊನೆಗೆ ಉಳಿಸಿದ್ದು ಮೂರೇ ಊರು: ಹನೋಯ್, ಹುಯೆ, ಹೊಯ್ ಆನ್. ಹನೋಯ್‌ನಲ್ಲಿ ಇಳಿದು, ಹೊಯ್ ಆನ್‌ಗೆ ಹತ್ತಿರದ ಡಾ ನಾಂಗ್‌ನಿಂದ ವಿಮಾನ ಹತ್ತಿದ್ವಿ. ಬಂದ ದಾರೀಲೇ ತಿರುಗಿ ಹೋಗೋದು ತಪ್ಪಿತು. ಅಕ್ಟೋಬರ್, ನವೆಂಬರ್‌ನಲ್ಲಿ ಆ ಕಡೆ ಜೋರು ಮಳೆ, ಪ್ರವಾಹ. ಅದಕ್ಕೇ ಮಾರ್ಚ್ ಆರಿಸಿಕೊಂಡೆ. ಹುಯೆಯಿಂದ ಡಾ ನಾಂಗ್‌ಗೆ ರೈಲು. ಹೈ ವಾನ್ ಘಟ್ಟದಲ್ಲಿ ಸಮುದ್ರ ಕಂಡಾಗ ಅಮ್ಮ ಕಿಟಕಿ ಬಿಟ್ಟು ಏಳಲೇ ಇಲ್ಲ.

ಹಾಗಾಗಿ ಊರಿನ ಪಟ್ಟಿ ಆಮೇಲೆ ಮಾಡಿ. ಊರಿಂದ ಊರಿಗೆ ಎಷ್ಟು ಗಂಟೆ, ವೀಸಾ ಎಷ್ಟು ಸಲ ಒಳಗೆ ಬಿಡುತ್ತೆ, ಆ ತಿಂಗಳು ಮಳೆಯಾ, ಇಷ್ಟನ್ನ ಮೊದಲು ಬರ್ಕೊಳ್ಳಿ. ಬಿಟ್ಟ ಊರು ಎಲ್ಲೂ ಓಡಿಹೋಗಲ್ಲ. ಅಂಕೋರ್ ವಾಟ್ ಯಾವಾಗ ಅಂತ ಅಮ್ಮ ಈಗಲೇ ಶುರು ಮಾಡಿದ್ದಾಳೆ!