ರಾಮದುರ್ಗದ ಚರಿತ್ರೆಯಲ್ಲಿ ಪ್ರಜೆಗಳ ಪಾಲು

ಕೆನಡಾದ ಮಾಂಟ್ರಿಯಲ್ ನಗರ 1642ರಲ್ಲಿ ಫ್ರೆಂಚರು ಕಟ್ಟಿದ ಊರು. 1760ರಲ್ಲಿ ಅದು ಇಂಗ್ಲಿಷರ ಕೈಸೇರಿತು. ಅಲ್ಲಿಂದ ಮುಂದೆ ಬಹುಕಾಲ ಬ್ಯಾಂಕು, ಕಾರ್ಖಾನೆಗಳ ಒಡೆತನ ಹೆಚ್ಚಾಗಿ ಇಂಗ್ಲಿಷ್ ಮಾತಿನವರದು. ಹಳ್ಳಿಗಳಿಂದ ಬಂದು ಗಿರಣಿಗಳಲ್ಲಿ ದುಡಿದವರಲ್ಲಿ ಫ್ರೆಂಚ್ ಮಾತಿನವರೇ ಬಹಳ. 1977ರಲ್ಲಿ ಕ್ವಿಬೆಕ್ ಪ್ರಾಂತ ಕಾನೂನು ಮಾಡಿ ಆ ದುಡಿಯುವವರ ಮಾತನ್ನು ವ್ಯವಹಾರದ ಮಾತಾಗಿಯೂ ನೆಲೆಗೊಳಿಸಿತು. ಆಳುವವರ ಭಾಷೆ ಒಂದು, ದುಡಿಯುವವರ ಭಾಷೆ ಇನ್ನೊಂದು ಆದಾಗ ಊರಿನ ಚರಿತ್ರೆ ಯಾರದು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ನಮ್ಮ ಮಲಪ್ರಭೆಯ ದಂಡೆಯ ರಾಮದುರ್ಗಕ್ಕೂ ಕೇಳಬೇಕಾಗಿದೆ.

ಮಹಾನಗರದ ಪಕ್ಕದಲ್ಲಿ ತಾಲೂಕಿನ ಊರನ್ನು ನಿಲ್ಲಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ರಾಮದುರ್ಗ ಸಂಸ್ಥಾನದ ವಿಸ್ತಾರ 169 ಚದರ ಮೈಲು. 1901ರ ಜನಗಣತಿಯಲ್ಲಿ ಅದರ ಜನಸಂಖ್ಯೆ 37,848. ನಿಜ, ಚಿಕ್ಕದು. ಆದರೆ ಇಷ್ಟು ಚಿಕ್ಕ ನೆಲದ ಮೇಲೂ ಒಂದು ಗದ್ದುಗೆ, ಒಂದು ದಫ್ತರ, ಒಂದು ಜೈಲು ಇದ್ದವು. ಅರಸು ಮನೆತನ ಮರಾಠಿ ಮಾತಿನ ಭಾವೆಯವರದು. ಬಿತ್ತುವವರು, ನೇಯುವವರು, ಕಂದಾಯ ತುಂಬುವವರು ಬಹುಮಟ್ಟಿಗೆ ಕನ್ನಡಿಗರು. ಬರೆದಿಟ್ಟವರು ಮೊದಲಿನವರಾದ್ದರಿಂದ, ಉಳಿದು ಬಂದ ಕಥೆಯಲ್ಲಿ ಎರಡನೆಯವರು ತೆರಿಗೆಯ ಲೆಕ್ಕವಾಗಿ ಮಾತ್ರ ಕಾಣುತ್ತಾರೆ.

ಆ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದ, ರಾಮದುರ್ಗಗಳ ಮೇಲೆ ಬಂತು. ಮುಂದೆ ಪೇಶ್ವೆಯ ಕಾಲದಲ್ಲಿ ಎರಡೂ ಬೇರೆ ಬೇರೆ ಪಾಲಾದವು. 1858ರ ಮೇ ತಿಂಗಳ ಕೊನೆಯಲ್ಲಿ, ರಾಮದುರ್ಗದಿಂದ ನರಗುಂದಕ್ಕೆ ಹೊರಟಿದ್ದ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ರಾತ್ರಿ ತಂಗಿದ್ದಾಗ ನರಗುಂದದ ಅರಸ ಬಾಬಾಸಾಹೇಬರ ದಂಡು ಅವನನ್ನು ಕೊಂದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲಾಯಿತು, ನರಗುಂದ ಸಂಸ್ಥಾನವೇ ಅಳಿಯಿತು. ಅವರ ಮಲಸಹೋದರನ ರಾಮದುರ್ಗ ಬ್ರಿಟಿಷರ ಜೊತೆಗೇ ನಿಂತು ಉಳಿದುಕೊಂಡಿತು.

ಇಲ್ಲಿ ಒಂದು ತಕರಾರು ನ್ಯಾಯವಾದದ್ದು. ಬಾಬಾಸಾಹೇಬರ ಮನೆಮಾತೂ ಮರಾಠಿಯೇ ಅಲ್ಲವೇ, ಅವರನ್ನು ಕನ್ನಡ ನಾಡು ತನ್ನ ವೀರನೆಂದು ಒಪ್ಪಿಕೊಂಡಿಲ್ಲವೇ? ಒಪ್ಪಿಕೊಂಡಿದೆ, ಒಪ್ಪಿದ್ದು ಸರಿಯೂ ಹೌದು. ತಲೆತಲಾಂತರದಿಂದ ಇಲ್ಲಿ ಬಾಳಿದವರನ್ನು ಮನೆಮಾತು ನೋಡಿ ಹೊರಗಿನವರೆನ್ನುವುದು ತಪ್ಪು. ನನ್ನ ವಾದ ಮರಾಠಿಯ ವಿರುದ್ಧವಲ್ಲ, ದಫ್ತರವೊಂದನ್ನೇ ಚರಿತ್ರೆ ಎಂದುಕೊಳ್ಳುವುದರ ವಿರುದ್ಧ. ಕಿತ್ತೂರಿನ ಅರಮನೆಯ ಮಾತು ಕನ್ನಡವೇ ಆಗಿತ್ತು. ಅಲ್ಲಿಯೂ ರಾಯಣ್ಣನಂಥ ವಾಲೀಕಾರನ ಹೆಸರನ್ನು ಉಳಿಸಿಕೊಟ್ಟದ್ದರಲ್ಲಿ ಲಾವಣಿಕಾರರ ಪಾಲು ದೊಡ್ಡದು. ಮುಧೋಳ ಸೀಮೆಯ ಹಲಗಲಿ ಬೇಡರ ಲಾವಣಿಯನ್ನು ಫ್ಲೀಟ್ ಎಂಬ ಇಂಗ್ಲಿಷ್ ವಿದ್ವಾಂಸ ಬರೆದಿಟ್ಟುಕೊಂಡ. ದಫ್ತರ ಬಿಟ್ಟದ್ದನ್ನು ಹಾಡು ಹಿಡಿದಿದೆ ಎಂದಮೇಲೆ ರಾಮದುರ್ಗದ ಚರಿತ್ರೆಗೂ ದಫ್ತರವೊಂದೇ ಸಾಲದು.

1939ರ ಏಪ್ರಿಲ್ 7ನ್ನು ನೋಡಿ. ಕಂದಾಯ ಇಳಿಸಬೇಕು, ಆಡಳಿತದಲ್ಲಿ ನಮಗೂ ಪಾಲು ಬೇಕು ಎಂದು ಬಿ. ಎನ್. ಮುನವಳ್ಳಿಯವರಂಥ ಮುಂದಾಳುಗಳ ಪ್ರಜಾಸಂಘ ಕೇಳುತ್ತಿತ್ತು. ಮುಂದಾಳುಗಳನ್ನು ಹಿಡಿದು ಒಳಗೆ ಹಾಕಿದಾಗ ಹಳ್ಳಿಗಳ ಜನ ಊರಿಗೆ ನುಗ್ಗಿದರು. ಜೈಲಿನ ಮೇಲೆ ದಾಳಿಯಾಯಿತು. ಕೆರಳಿದ ಗುಂಪಿನ ಕೈಯಲ್ಲಿ ಪೊಲೀಸರು ಸತ್ತರು. ಗಾಂಧೀಜಿ ಆ ಹಿಂಸೆಯನ್ನು ಕಟುವಾಗಿ ಖಂಡಿಸಿದರು. ಹೀಗಿರುವಾಗ ಆ ದಿನವನ್ನು ನೆನೆಯುವುದೇಕೆ ಎನ್ನುವವರಿದ್ದಾರೆ. ಸತ್ತ ಪೊಲೀಸರೂ ಬಡವರ ಮನೆಯ ಮಕ್ಕಳೇ. ಆ ಕೊಲೆಗಳನ್ನು ಶೌರ್ಯವೆಂದು ಹಾಡುವುದು ಅನ್ಯಾಯ. ಆದರೆ ಬೇಡಿಕೆಯನ್ನು ಮರೆತು ರಕ್ತವನ್ನಷ್ಟೇ ನೆನೆದರೆ, ರೈತ ಸುಮ್ಮನೆ ಹುಚ್ಚೆದ್ದನೆಂಬ ಅರಮನೆಯ ತೀರ್ಪನ್ನೇ ನಾವು ಮತ್ತೊಮ್ಮೆ ಬರೆದಂತಾಗುತ್ತದೆ. ಒಂಬತ್ತು ವರ್ಷಗಳ ನಂತರ, 1948ರ ಮಾರ್ಚ್‌ನಲ್ಲಿ, ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ದಫ್ತರದ ಹೊರಗೆ ಇನ್ನೊಂದು ಸಾಕ್ಷ್ಯವಿದೆ, ಅದು ಕೈಮಗ್ಗ. ರಾಮದುರ್ಗ, ಸುರೇಬಾನಗಳ ನೇಕಾರರು ನೇಯ್ದ ಸೀರೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಮೈಮೇಲೆ ದಿನನಿತ್ಯ ಓಡಾಡಿದೆ. ಯಾವ ದಡಿ ಯಾರು ಕೇಳುತ್ತಿದ್ದರು, ನೂಲು ಎಲ್ಲಿಂದ ಬರುತ್ತಿತ್ತು, ಸಾಲ ಯಾರು ಕೊಡುತ್ತಿದ್ದರು ಎಂಬುದು ಹಿರಿಯ ನೇಕಾರರ ನೆನಪಿನಲ್ಲಿರುವ ಸಂಗತಿ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಊರೊಳಗೆ ಬಂದಾಗ, ನೆಲದ ತಗ್ಗಿನಲ್ಲಿ ಕಾಲಿಟ್ಟು ನೇಯುವ ಮಗ್ಗಗಳು ನೀರು ಕೆಸರುಗಳಲ್ಲಿ ಮುಳುಗಿದವು. ಕೆಟ್ಟ ಮಗ್ಗದ ಮುಂದೆ ಮತ್ತೆ ಕೂರಲಾರದವರ ಕಸುಬಿನ ತಿಳಿವಳಿಕೆಯನ್ನು ಮುಂದೆ ಯಾರನ್ನು ಕೇಳಿ ತಿಳಿಯುವುದು?

ಆದ್ದರಿಂದ ಎರಡು ಕೆಲಸ ಒಟ್ಟಿಗೇ ನಡೆಯಬೇಕು. ಮರಾಠಿ ದಫ್ತರಗಳ ಮೋಡಿ ಲಿಪಿ ಓದಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರು ಇರುವಾಗಲೇ ಸಂಸ್ಥಾನದ ಕಾಗದಗಳನ್ನು ಓದಿಸಿ ಕನ್ನಡಕ್ಕೆ ತರಬೇಕು. ಅದೇ ಹೊತ್ತಿಗೆ ತಾಲೂಕಿನ ಕಾಲೇಜುಗಳ ವಿದ್ಯಾರ್ಥಿಗಳು ನೇಕಾರರ ಓಣಿಗಳಿಗೆ, 1939ರ ಮಾತನ್ನು ಹಿರಿಯರ ಬಾಯಿಂದ ಕೇಳಿದವರ ಮನೆಗಳಿಗೆ ಹೋಗಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು.