ನೀರಿನ ಪಾಠ ನೀರಿನಲ್ಲಿಯೇ ಆಗಬೇಕು

(ಮದ್ರಸ ಮಕ್ಕಳ ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈದ್‌ನ ಮರುದಿನ ಪತ್ರಿಕೆ ತೆರೆಯಲು ನನಗೆ ಭಯವಾಗುತ್ತದೆ. ಹೊಸ ಬಟ್ಟೆ ತೊಟ್ಟು ಹೊಳೆಗೋ ಕಡಲಿಗೋ ಹೋದ ಹುಡುಗರ ಸುದ್ದಿ ಅದರಲ್ಲಿರಬಹುದೆಂಬ ಭಯ. ಒಬ್ಬ ಜಾರುತ್ತಾನೆ. ಅವನನ್ನು ಹಿಡಿಯಲು ಈಜು ಬಾರದ ಇನ್ನೊಬ್ಬ ಧುಮುಕುತ್ತಾನೆ. ಒಂದೇ ಮನೆಯಿಂದ ಎರಡು ಜನಾಝಾಗಳು ಹೊರಡುತ್ತವೆ. ನಾವು ದಫನ ಮುಗಿಸಿ, ಅಲ್ಲಾಹನ ವಿಧಿ ಎಂದು ಹೇಳಿ ಮನೆಗೆ ಮರಳುತ್ತೇವೆ.

ವಿಧಿಯಲ್ಲಿ ನನಗೂ ವಿಶ್ವಾಸವಿದೆ. ಮುಳುಗಿ ಮೃತನಾದ ವಿಶ್ವಾಸಿಗೆ ಹುತಾತ್ಮನ ಪ್ರತಿಫಲವಿದೆಯೆಂದು ಪ್ರವಾದಿ(ಸ)ರು ತಿಳಿಸಿರುವುದನ್ನು ನಾನೂ ಓದಿದ್ದೇನೆ. ಅದು ಮಗನನ್ನು ಕಳೆದುಕೊಂಡ ತಾಯಿಗೆ ಸಾಂತ್ವನ. ಈಜು ಕಲಿಸದ ಜಮಾಅತಿಗೆ ರಿಯಾಯಿತಿಯಲ್ಲ. ಮೊದಲು ಒಂಟೆಯನ್ನು ಕಟ್ಟಿ, ಆ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡುವಂತೆ ಕಲಿಸಿದವರೂ ಅದೇ ಪ್ರವಾದಿ(ಸ)ರು.

ನೆರೆಯ ಬಾಂಗ್ಲಾದೇಶವನ್ನು ನೋಡಿ. ಹಳ್ಳಿಗಳಲ್ಲಿ ಮನೆಯ ಹಿತ್ತಿಲಲ್ಲೇ ಕೆರೆಯಿರುತ್ತದೆ. ಪುಟ್ಟ ಮಕ್ಕಳ ಸಾವಿನ ಕಾರಣಗಳಲ್ಲಿ ಮುಳುಗುವಿಕೆ ಮುಂಚೂಣಿಯಲ್ಲಿದೆ. 2000ದ ದಶಕದಲ್ಲಿ ಅಲ್ಲಿ ‘ಸ್ವಿಮ್‌ಸೇಫ್’ ಎಂಬ ತರಬೇತಿ ಆರಂಭವಾಯಿತು. ಅದಕ್ಕೆ ಕಾಂಕ್ರೀಟಿನ ಈಜುಕೊಳ ಬೇಕಾಗಲಿಲ್ಲ. ಊರ ಕೆರೆಯಲ್ಲಿಯೇ ಬಿದಿರಿನ ಬೇಲಿ ಕಟ್ಟಿ, ಕಾಲ ಕೆಳಗೆ ಬಿದಿರಿನ ಅಟ್ಟಣಿಗೆ ಹಾಸಿ, 4ರಿಂದ 12 ವರ್ಷದ ಮಕ್ಕಳನ್ನು ಇಳಿಸಿದರು. (ಅದಕ್ಕಿಂತ ಚಿಕ್ಕವರಿಗೆ ಹಿರಿಯರ ಕಣ್ಗಾವಲೇ ರಕ್ಷಣೆ.) 25 ಮೀಟರ್ ಈಜಬೇಕು, 30 ಸೆಕೆಂಡು ತೇಲಬೇಕು, ಮುಳುಗುತ್ತಿರುವವನನ್ನು ದಡದಿಂದಲೇ ರಕ್ಷಿಸಲು ಕಲಿಯಬೇಕು. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಶೇ. 90ಕ್ಕೂ ಹೆಚ್ಚು ಇಳಿದಿತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಆ ಮೂರನೆಯ ವಿದ್ಯೆಯ ಬಗ್ಗೆ ಸ್ವಲ್ಪ ಹೇಳಬೇಕು. ಮುಳುಗುವವನು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಿಗೇ ಬಾಯಿ ಸಾಲದಿರುವಾಗ ಕೂಗುವುದು ಹೇಗೆ? ಕೈಗಳು ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬೀಸಿ ಕರೆಯಲಾಗದು. ಹತ್ತಿರ ಹೋದವನನ್ನು ತಬ್ಬಿ ತಾನೂ ಮುಳುಗಿ ಅವನನ್ನೂ ಮುಳುಗಿಸುತ್ತಾನೆ. ಆದುದರಿಂದ ಧುಮುಕಬಾರದು. ದಡದಲ್ಲಿ ಬೋರಲು ಮಲಗಿ ಕೋಲನ್ನೋ ದುಪಟ್ಟಾವನ್ನೋ ಚಾಚಬೇಕು; ದೂರವಿದ್ದರೆ ಹಗ್ಗವನ್ನೋ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನೋ ಎಸೆಯಬೇಕು. ಮೇಲೆತ್ತಿದ ಮೇಲೆ ತಲೆಕೆಳಗು ಮಾಡಿ ಹೊಟ್ಟೆ ಅದುಮುವ ವಾಡಿಕೆ ನಮ್ಮಲ್ಲಿದೆ. ಅದರಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋಗುತ್ತವೆ. ಉಸಿರು ನಿಂತಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ನೀಡಬೇಕು, ಎದೆ ಒತ್ತಬೇಕು.

ಇಷ್ಟನ್ನು ನಾನು ಮೈಕಿನಲ್ಲಿ ಹೇಳಿದೆ. ಇದರಿಂದ ನಿಮ್ಮಲ್ಲಿ ಯಾರೂ ಏನನ್ನೂ ಕಲಿತಿಲ್ಲ. ಮದ್ರಸದಲ್ಲಿ ವುಝೂವಿನ ಕಡ್ಡಾಯಗಳನ್ನು ನಾನು ತಪ್ಪಿಲ್ಲದೆ ಬಾಯಿಪಾಠ ಒಪ್ಪಿಸಿದ್ದೆ. ಮರುದಿನ ಉಸ್ತಾದರು ಹೌಝಿನ ಬಳಿ ಕರೆದೊಯ್ದು ನೋಡಿದರೆ ನನ್ನ ಮೊಣಕೈ ಒಣಗಿಯೇ ಇತ್ತು! ಅವರು ಕೈ ಹಿಡಿದು ತೊಳೆಸಿದ ಮೇಲೆಯೇ ನನಗದು ಬಂತು.

ಚುನಾವಣೆ ಬಂದಾಗ ನಾವು ಅಭ್ಯರ್ಥಿಗಳಲ್ಲಿ ಶಾದಿ ಮಹಲ್ ಕೇಳುತ್ತೇವೆ, ಕಬರಸ್ತಾನಕ್ಕೆ ಕಾಂಪೌಂಡು ಕೇಳುತ್ತೇವೆ. ನಗರಸಭೆಯ ಈಜುಕೊಳದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು ಬೇಕೆಂದು ನಾವು ಕೇಳಿದ ನೆನಪು ನನಗಿಲ್ಲ. ಪರದಾದ ಹೆಸರಿನಲ್ಲಿ ಮಗಳನ್ನು ಈ ವಿದ್ಯೆಯಿಂದ ದೂರವಿಡುವ ತಂದೆಯರಲ್ಲಿ ನನ್ನದೊಂದು ಪ್ರಶ್ನೆಯಿದೆ. 2019ರ ಆಗಸ್ಟ್‌ನಲ್ಲಿ ಕೊಡಗಿನಿಂದ ಬೆಳಗಾವಿಯ ವರೆಗೆ ಹೊಳೆಗಳು ಉಕ್ಕಿ ನೀರು ಮನೆಗಳೊಳಗೆ ನುಗ್ಗಿದಾಗ, ಮನೆಯೊಳಗಿದ್ದವರು ಯಾರು?

ಬೇಸಿಗೆ ರಜೆಯ ಶಿಬಿರಕ್ಕಾಗಿ ಹೊರಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದೇವೆ. ಹೆಣ್ಣುಮಕ್ಕಳಿಗೂ ತಾಯಂದಿರಿಗೂ ಬೆಳಗ್ಗಿನ ಪ್ರತ್ಯೇಕ ತಂಡವಿದೆ, ಕಲಿಸುವವರೂ ಮಹಿಳೆಯರೇ. ಮಗನ ಹೆಸರಿನ ಜೊತೆಗೆ ಮಗಳ ಹೆಸರನ್ನೂ ಬರೆಯಿರಿ. ಈಜು ಬಾರದ ತಂದೆಯಂದಿರು ಸಂಕೋಚಪಡಬೇಕಾಗಿಲ್ಲ. ಅವರ ಪಟ್ಟಿಯಲ್ಲಿ ಮೊದಲನೆಯದು ನನ್ನ ಹೆಸರು.